ಡಾಲ್ಫಿನ್‌ಗಳ ಬುದ್ಧಿ ಮತ್ತು ಸಂವಹನದ ಸಂಶೋಧನೆಯಲ್ಲಿ ಸ್ವಯಂಸೇವಕರಾಗುವುದು ಹೇಗೆ?

ಡಾಲ್ಫಿನ್ ಸಂಶೋಧನೆಗೆ ಕೈಜೋಡಿಸಬೇಕೆಂದು ಹೊರಡುವವರು ಎಲ್ಲಕ್ಕಿಂತ ಮೊದಲು ತಿಳಿದಿರಬೇಕಾದ ಸಂಗತಿಯೊಂದಿದೆ. ಈ ಕೆಲಸದ ಬಹುಪಾಲು ಡಾಲ್ಫಿನ್‌ಗಳ ಛಾಯಾಚಿತ್ರಗಳು, ಧ್ವನಿಮುದ್ರಣಗಳು ಮತ್ತು ಸಾಲುಸಾಲು ನಮೂನೆಗಳ ಮುಂದೆ ಕುಳಿತು ಮಾಡುವಂಥದ್ದು. ಸಮುದ್ರದಲ್ಲಿ ಅರ್ಧ ದಿನ ಸಂಗ್ರಹಿಸಿದ ಮಾಹಿತಿಯನ್ನು ವಿಂಗಡಿಸಿ, ಹೋಲಿಸಿ, ದಾಖಲೆಗೆ ಸೇರಿಸಲು ಅದರ ಹಲವು ಪಟ್ಟು ಸಮಯ ಹಿಡಿಯುತ್ತದೆ. ಸಂಶೋಧನಾ ತಂಡಗಳು ಸ್ವಯಂಸೇವಕರಿಂದ ನಿರೀಕ್ಷಿಸುವುದು ಮುಖ್ಯವಾಗಿ ಈ ತಾಳ್ಮೆಯ ದುಡಿಮೆಯನ್ನೇ. ನೀರಿಗಿಳಿದು ಡಾಲ್ಫಿನ್‌ನ ಮೈ ಸವರುವ ಆಸೆಯಿಂದ ಬರುವವರಿಗೆ ಇದು ನಿರಾಸೆ ತಂದೀತು. ಆದರೆ ಒಂದು ಪ್ರಾಣಿ ಇನ್ನೊಂದಕ್ಕೆ ಏನನ್ನು ತಿಳಿಸುತ್ತಿದೆ ಎಂಬುದನ್ನು ಊಹೆಯಿಂದಲ್ಲದೆ ಸಾಕ್ಷ್ಯದಿಂದ ಅರಿಯಬೇಕೆಂಬ ಹಂಬಲವಿರುವವರಿಗೆ ಇಷ್ಟು ರುಚಿ ಹತ್ತಿಸುವ ಕೆಲಸಗಳು ಹೆಚ್ಚಿಲ್ಲ.

ಅರ್ಜಿ ಹಾಕುವ ಮುನ್ನ ಓದಿಕೊಳ್ಳಬೇಕಾದದ್ದು

ಈ ಕ್ಷೇತ್ರದ ಹಿಂದಿನ ಕಥೆಯನ್ನು ಸ್ವಲ್ಪವಾದರೂ ತಿಳಿಯದೆ ಅರ್ಜಿ ಹಾಕುವುದು ಸರಿಯಲ್ಲ, ಏಕೆಂದರೆ ಸಾಕ್ಷ್ಯಕ್ಕಿಂತ ಹೇಳಿಕೆಗಳೇ ಬಹುದೂರ ಮುಂದೆ ಓಡಿದ ಕಾಲವೊಂದು ಇಲ್ಲಿ ಆಗಿಹೋಗಿದೆ. ಅಮೆರಿಕದ ನರವಿಜ್ಞಾನಿ ಜಾನ್ ಲಿಲ್ಲಿ ಅವರು 1960ರ ದಶಕದಲ್ಲಿ ಡಾಲ್ಫಿನ್‌ಗಳಿಗೆ ಇಂಗ್ಲಿಷ್ ಮಾತು ಕಲಿಸಬಹುದೆಂದು ನಂಬಿದ್ದರು. ಅವರ ಯೋಜನೆಯಡಿ 1965ರಲ್ಲಿ ಸೇಂಟ್ ಥಾಮಸ್ ದ್ವೀಪದಲ್ಲಿ ಮಾರ್ಗರೆಟ್ ಹೋವ್ ಎಂಬ ಯುವತಿ ನೀರು ತುಂಬಿಸಿದ ಮನೆಯೊಂದರಲ್ಲಿ ಪೀಟರ್ ಎಂಬ ಡಾಲ್ಫಿನ್‌ನ ಜೊತೆ ವಾಸವಿದ್ದು ಪಾಠ ಹೇಳಿಕೊಟ್ಟರು. ಡಾಲ್ಫಿನ್ ಮಾತು ಕಲಿಯಲಿಲ್ಲ. ಬದಲಿಗೆ ಡಾಲ್ಫಿನ್‌ಗಳ ಸಂವಹನ ಎಂಬ ವಿಷಯವೇ ಗಂಭೀರ ವಿಜ್ಞಾನಿಗಳ ನಡುವೆ ಬಹುಕಾಲ ಅನುಮಾನಕ್ಕೆ ಗುರಿಯಾಯಿತು.

ಆ ಅನುಮಾನವನ್ನು ಕಳೆದವರು ಬೇರೆ ದಾರಿ ಹಿಡಿದವರು. ಹವಾಯಿಯ ಹೊನೊಲುಲುವಿನಲ್ಲಿ ಕೆವಾಲೊ ಬೇಸಿನ್ ಪ್ರಯೋಗಾಲಯವನ್ನು 1970ರಲ್ಲಿ ಆರಂಭಿಸಿದ ಲೂಯಿಸ್ ಹರ್ಮನ್, ಡಾಲ್ಫಿನ್ ಮಾತಾಡಬಲ್ಲದೇ ಎಂದು ಕೇಳುವುದನ್ನು ಬಿಟ್ಟು, ಹೇಳಿದ್ದನ್ನು ಎಷ್ಟರಮಟ್ಟಿಗೆ ಗ್ರಹಿಸಬಲ್ಲದು ಎಂದು ಕೇಳಿದರು. ಅಕಿಯಾಕಮಾಯ್ ಎಂಬ ಡಾಲ್ಫಿನ್‌ಗೆ ಕೈಸನ್ನೆಗಳ ಮೂಲಕವೂ ಫೀನಿಕ್ಸ್ ಎಂಬ ಇನ್ನೊಂದಕ್ಕೆ ಕಂಪ್ಯೂಟರ್ ಹೊರಡಿಸುವ ಧ್ವನಿಗಳ ಮೂಲಕವೂ ಆಜ್ಞೆಗಳನ್ನು ಕಲಿಸಲಾಯಿತು. 1984ರಲ್ಲಿ ಪ್ರಕಟವಾದ ಫಲಿತಾಂಶಗಳ ಪ್ರಕಾರ, ತೇಲುಹಲಗೆಯನ್ನು ವ್ಯಕ್ತಿಯ ಬಳಿಗೆ ಒಯ್ಯುವ ಆಜ್ಞೆಗೂ ವ್ಯಕ್ತಿಯನ್ನು ತೇಲುಹಲಗೆಯ ಬಳಿಗೆ ಒಯ್ಯುವ ಆಜ್ಞೆಗೂ ನಡುವಿನ ವ್ಯತ್ಯಾಸವನ್ನು, ಚಿಹ್ನೆಗಳು ಅವೇ ಇದ್ದು ಕ್ರಮ ಮಾತ್ರ ಬದಲಾದಾಗಲೂ, ಅವು ಗುರುತಿಸುತ್ತಿದ್ದವು. ಡಯಾನಾ ರೀಸ್ ಮತ್ತು ಲೋರಿ ಮರೀನೊ 2001ರಲ್ಲಿ ನ್ಯೂಯಾರ್ಕ್ ಅಕ್ವೇರಿಯಂನ ಎರಡು ಡಾಲ್ಫಿನ್‌ಗಳ ಮೈಮೇಲೆ ಗುರುತು ಹಾಕಿ ಕನ್ನಡಿ ಇಟ್ಟಾಗ, ಅವು ಗುರುತಿದ್ದ ಭಾಗವನ್ನು ಕನ್ನಡಿಯತ್ತ ತಿರುಗಿಸಿ ನೋಡಿಕೊಂಡವು.

ಸಂವಹನದ ಕಡೆ ಸ್ವಯಂಸೇವಕರು ಚೆನ್ನಾಗಿ ಅರಿತಿರಬೇಕಾದ ವಿಷಯ ಗುರುತಿನ ಸಿಳ್ಳೆ. ಒಂದೊಂದು ಬಾಟಲ್‌ನೋಸ್ ಡಾಲ್ಫಿನ್ ತನ್ನದೇ ಆದ ಏರಿಳಿತದ ಸಿಳ್ಳೆಯೊಂದನ್ನು ಬೆಳೆಸಿಕೊಳ್ಳುತ್ತದೆ ಎಂದು ಮೆಲ್ಬಾ ಮತ್ತು ಡೇವಿಡ್ ಕಾಲ್ಡ್‌ವೆಲ್ ದಂಪತಿ 1965ರಲ್ಲಿ ವರದಿ ಮಾಡಿದ್ದರು. ಸ್ಟೆಫನಿ ಕಿಂಗ್ ಮತ್ತು ವಿನ್ಸೆಂಟ್ ಜಾನಿಕ್ 2013ರಲ್ಲಿ ಕಾಡು ಡಾಲ್ಫಿನ್‌ಗಳಿಗೆ ಅವುಗಳದೇ ಸಿಳ್ಳೆಯ ನಕಲನ್ನು ನೀರಿನಡಿ ಕೇಳಿಸಿದಾಗ ಅವು ಮರುದನಿ ಕೊಟ್ಟವು. ಬೇರೆ ಸಿಳ್ಳೆಗಳಿಗೆ ಹಾಗೆ ಸ್ಪಂದಿಸಲಿಲ್ಲ. ಅದೇ ವರ್ಷ ಜೇಸನ್ ಬ್ರಕ್, ಹಿಂದೊಮ್ಮೆ ಒಟ್ಟಿಗಿದ್ದ ಡಾಲ್ಫಿನ್‌ನ ಸಿಳ್ಳೆಯನ್ನು 20 ವರ್ಷಗಳ ಅಗಲಿಕೆಯ ಬಳಿಕವೂ ಇನ್ನೊಂದು ಗುರುತಿಸಬಲ್ಲದೆಂದು ತೋರಿಸಿದರು. ಗುರುತಿನ ಸಿಳ್ಳೆಯಲ್ಲದ, ಹಲವು ಡಾಲ್ಫಿನ್‌ಗಳು ಸಮಾನವಾಗಿ ಬಳಸುವ ಸಿಳ್ಳೆಗಳ ಅಧ್ಯಯನಕ್ಕಾಗಿ ಲೇಲಾ ಸಾಯಿಗ್ ಅವರ ತಂಡಕ್ಕೆ 2025ರಲ್ಲಿ ಕೋಲರ್ ಡೂಲಿಟಲ್ ಪ್ರಶಸ್ತಿ ಬಂತು. ಅದೇ ವರ್ಷ ಗೂಗಲ್ ಸಂಸ್ಥೆಯು ಬಹಾಮಾಸ್‌ನ ಚುಕ್ಕೆ ಡಾಲ್ಫಿನ್‌ಗಳ ಧ್ವನಿಗಳಿಂದ ತರಬೇತಿ ಪಡೆದ ‘ಡಾಲ್ಫಿನ್‌ಜೆಮ್ಮಾ’ ಎಂಬ ಕೃತಕ ಬುದ್ಧಿಮತ್ತೆಯ ಮಾದರಿಯನ್ನು ಪ್ರಕಟಿಸಿತು. ಡಾಲ್ಫಿನ್ ಭಾಷೆ ಇನ್ನೇನು ಅನುವಾದವಾಗಿಬಿಡುತ್ತದೆ ಎಂಬಂಥ ಸುದ್ದಿಗಳನ್ನು ಕಂಡವರು ಒಂದನ್ನು ನೆನಪಿಟ್ಟುಕೊಳ್ಳಬೇಕು: ಈ ಮಾದರಿ ಒಂದು ಧ್ವನಿಯ ನಂತರ ಯಾವ ಧ್ವನಿ ಬರಬಹುದೆಂದು ಊಹಿಸುತ್ತದೆ, ಅರ್ಥ ಹೇಳುವುದಿಲ್ಲ. ಧ್ವನಿ ಹೊರಟಾಗ ಯಾವ ಪ್ರಾಣಿ ಎಲ್ಲಿತ್ತು, ಏನು ಮಾಡುತ್ತಿತ್ತು ಎಂಬ ದಾಖಲೆ ಪಕ್ಕದಲ್ಲಿಲ್ಲದಿದ್ದರೆ ಎಂಥ ಯಂತ್ರವೂ ಅರ್ಥದ ಬಳಿ ಸುಳಿಯಲಾರದು. ಆ ದಾಖಲೆಯನ್ನು ತಯಾರಿಸುವವರಲ್ಲಿ ಸ್ವಯಂಸೇವಕರೂ ಇರುತ್ತಾರೆ.

ಯಾವ ಯೋಜನೆ, ಎಂಥ ಯೋಜನೆ

ಡಾಲ್ಫಿನ್‌ಗಳು ದೀರ್ಘಾಯುಷಿಗಳಾದ್ದರಿಂದ ಈ ವಿಷಯದಲ್ಲಿ ದಶಕಗಳ ಕಾಲ ಒಂದೇ ಕಡೆ ನಡೆದ ಅಧ್ಯಯನಗಳಿಗೆ ವಿಶೇಷ ಬೆಲೆಯಿದೆ. ಫ್ಲಾರಿಡಾದ ಸರಸೋಟಾ ಕೊಲ್ಲಿಯಲ್ಲಿ 1970ರಿಂದ ನಡೆದುಬಂದಿರುವ ಅಧ್ಯಯನದಲ್ಲಿ ನಿಕ್ಲೋ ಎಂಬ ಹೆಣ್ಣು ಡಾಲ್ಫಿನ್ 67ನೇ ವಯಸ್ಸಿನಲ್ಲೂ ದಾಖಲಾಗಿತ್ತು. ಅಜ್ಜಿ, ಮಗಳು, ಮೊಮ್ಮಗಳು ಯಾರೆಂದು ತಿಳಿದಿರುವ ಕಡೆ ಮಾತ್ರ ಮರಿಯು ಸಿಳ್ಳೆಯನ್ನು ಯಾರಿಂದ ಕಲಿಯಿತು ಎಂಬಂಥ ಪ್ರಶ್ನೆ ಕೇಳಲು ಸಾಧ್ಯ. ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಕೊಲ್ಲಿಯಲ್ಲಿ 1980ರ ದಶಕದಿಂದ ಗಂಡು ಡಾಲ್ಫಿನ್‌ಗಳ ಮೈತ್ರಿಕೂಟಗಳನ್ನೂ, ಮೂತಿಗೆ ಸಮುದ್ರದ ಸ್ಪಂಜನ್ನು ಕವಚದಂತೆ ತೊಟ್ಟು ತಳದಲ್ಲಿ ಬೇಟೆಯಾಡುವ ರೂಢಿಯನ್ನೂ ಗಮನಿಸಲಾಗುತ್ತಿದೆ. ಡೆನಿಸ್ ಹರ್ಜಿಂಗ್ 1985ರಲ್ಲಿ ಬಹಾಮಾಸ್‌ನಲ್ಲಿ ಆರಂಭಿಸಿದ ‘ವೈಲ್ಡ್ ಡಾಲ್ಫಿನ್ ಪ್ರಾಜೆಕ್ಟ್’ ತಿಳಿನೀರಿನೊಳಗೆ ಧ್ವನಿ ಮತ್ತು ವರ್ತನೆ ಎರಡನ್ನೂ ಒಟ್ಟಿಗೆ ಚಿತ್ರೀಕರಿಸುತ್ತದೆ. ಕ್ಯಾಥ್ಲೀನ್ ಡಡ್ಜಿನ್‌ಸ್ಕಿ ಅವರ ‘ಡಾಲ್ಫಿನ್ ಕಮ್ಯುನಿಕೇಶನ್ ಪ್ರಾಜೆಕ್ಟ್’ ಬಹಾಮಾಸ್‌ನದೇ ಬಿಮಿನಿಯಲ್ಲಿ ಕೆಲಸ ಮಾಡಿದೆ. ಇಟಲಿಯಲ್ಲಿ 1986ರಲ್ಲಿ ಸ್ಥಾಪನೆಯಾದ ಟೆಥಿಸ್ ಸಂಶೋಧನಾ ಸಂಸ್ಥೆ ಮೆಡಿಟರೇನಿಯನ್ ಸಮುದ್ರದ ತನ್ನ ಯೋಜನೆಗಳಿಗೆ ಸಾರ್ವಜನಿಕರನ್ನು ಸೇರಿಸಿಕೊಳ್ಳುತ್ತ ಬಂದಿದೆ.

ಒಳಸೇರುವ ದಾರಿಗಳು ಸ್ಥೂಲವಾಗಿ ಎರಡು. ಮೊದಲನೆಯದು ಇಂಟರ್ನ್‌ಶಿಪ್: ಕೆಲವು ತಿಂಗಳ ಅವಧಿ, ಹೆಚ್ಚಾಗಿ ಸಂಬಳವಿಲ್ಲ, ಜೀವವಿಜ್ಞಾನ ಅಥವಾ ಮನೋವಿಜ್ಞಾನದ ವಿದ್ಯಾರ್ಥಿಗಳಿಗೆ ಆದ್ಯತೆ. ಎರಡನೆಯದು ಒಂದೆರಡು ವಾರಗಳ ಪಾಲ್ಗೊಳ್ಳುವಿಕೆ. ಇದಕ್ಕೆ ಪಾಲ್ಗೊಳ್ಳುವವರೇ ಹಣ ಕಟ್ಟಬೇಕು, ಮತ್ತು ಆ ಹಣದಿಂದಲೇ ದೋಣಿಯ ಇಂಧನ, ಉಪಕರಣಗಳ ಖರ್ಚು ನಡೆಯುತ್ತದೆ. ಹಣ ಕಟ್ಟಿ ಸ್ವಯಂಸೇವೆ ಮಾಡುವುದೆಂದರೆ ಮೋಸವೇ ಇರಬೇಕೆಂದು ಹಲವರು ಶಂಕಿಸುತ್ತಾರೆ. ಹಾಗೇನೂ ಇಲ್ಲ, ಆದರೆ ಒಂದೇ ವಾರಕ್ಕೆ ಹೋಗುವವರು ತಮ್ಮ ಕೊಡುಗೆಯ ಹೆಚ್ಚಿನ ಭಾಗ ಹಣದ ರೂಪದ್ದು, ಉಳಿದದ್ದು ಕಣ್ಣುಗಳದ್ದು ಎಂದು ಒಪ್ಪಿಕೊಂಡು ಹೋದರೆ ಒಳ್ಳೆಯದು. ವರ್ತನೆಯ ಸಂಕೇತೀಕರಣದಂಥ, ಅಂದರೆ ಕಂಡ ವರ್ತನೆಯನ್ನು ನಿಗದಿತ ಸಂಕೇತಗಳಲ್ಲಿ ದಾಖಲಿಸುವಂಥ ಕೆಲಸಕ್ಕೆ ಕೈ ಪಳಗಲು ವಾರಗಳೇ ಬೇಕು.

ಯೋಜನೆಯ ನೈಜತೆಯನ್ನು ಪರೀಕ್ಷಿಸುವುದು ಕಷ್ಟವಲ್ಲ. ಹೊಣೆ ಹೊತ್ತ ವಿಜ್ಞಾನಿಯ ಹೆಸರೇನು, ಆ ಯೋಜನೆಯ ದತ್ತಾಂಶದಿಂದ ಇತ್ತೀಚೆಗೆ ಯಾವ ಪ್ರಬಂಧಗಳು ಪ್ರಕಟವಾಗಿವೆ, ಸಂಶೋಧನಾ ಪರವಾನಗಿ ಯಾರಿಂದ ಬಂದಿದೆ, ಸ್ವಯಂಸೇವಕರು ಸಂಗ್ರಹಿಸಿದ್ದು ಕೊನೆಗೆ ಯಾವ ಸಂಗ್ರಹಕ್ಕೆ ಸೇರುತ್ತದೆ ಎಂದು ಬರೆದು ಕೇಳಬೇಕು. ನಿಜವಾದ ತಂಡಗಳು ಈ ಪ್ರಶ್ನೆಗಳಿಗೆ ಸಂತೋಷದಿಂದಲೇ ಉತ್ತರಿಸುತ್ತವೆ. ಉತ್ತರದ ಬದಲು ಡಾಲ್ಫಿನ್‌ಗೆ ಮುತ್ತಿಡುವ ಚಿತ್ರಗಳು ಬಂದರೆ ಅಲ್ಲಿಗೆ ಬಿಡಬಹುದು. ಕಾಡು ಡಾಲ್ಫಿನ್‌ಗೆ ಆಹಾರ ಹಾಕುವುದು, ಮುಟ್ಟುವುದು, ಬೆನ್ನಟ್ಟುವುದು ಯಾವ ಸಭ್ಯ ಸಂಶೋಧನೆಯಲ್ಲೂ ಸ್ವಯಂಸೇವಕರ ಪಾಲಿಗೆ ಬರುವುದಿಲ್ಲ. ಅಮೆರಿಕದಲ್ಲಿ ಇವು 1972ರ ಸಮುದ್ರ ಸಸ್ತನಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಬೇರೆ ಹಲವು ದೇಶಗಳಲ್ಲೂ ಇಂಥ ಕಾನೂನುಗಳಿವೆ. ಸಂಶೋಧನಾ ದೋಣಿ ಸಾಮಾನ್ಯ ದೋಣಿಗಿಂತ ಹತ್ತಿರ ಹೋಗಬಲ್ಲದ್ದು ಪರವಾನಗಿಯ ಬಲದಿಂದ, ಆ ಪರವಾನಗಿ ಹೇಳಿದಷ್ಟೇ ದೂರಕ್ಕೆ.

ಡಾಲ್ಫಿನ್‌ಗಳ ಒಡನಾಟದಿಂದ ಮನುಷ್ಯರ ಕಾಯಿಲೆ ವಾಸಿಯಾಗುತ್ತದೆನ್ನುವ ‘ಡಾಲ್ಫಿನ್ ಚಿಕಿತ್ಸೆ’ಯ ಹೆಸರಿನಲ್ಲಿ ನಡೆಯುವ ಕೇಂದ್ರಗಳನ್ನು ಸಂಶೋಧನೆಯೆಂದು ತಿಳಿಯಬಾರದು. ಅವುಗಳ ಸಮರ್ಥನೆಗೆ ಮುಂದಿಡಲಾಗಿದ್ದ ಅಧ್ಯಯನಗಳನ್ನು ಲೋರಿ ಮರೀನೊ ಮತ್ತು ಸ್ಕಾಟ್ ಲಿಲಿಯೆನ್‌ಫೆಲ್ಡ್ 1998ರಲ್ಲೂ 2007ರಲ್ಲೂ ಪರಿಶೀಲಿಸಿ, ವಿಧಾನದಲ್ಲಿ ಗಂಭೀರ ದೋಷಗಳಿರುವುದನ್ನು ತೋರಿಸಿದ್ದಾರೆ. ಸೆರೆಯಲ್ಲಿರುವ ಡಾಲ್ಫಿನ್‌ಗಳ ಮೇಲಿನ ಪ್ರಯೋಗಗಳ ಪ್ರಶ್ನೆ ಇದಕ್ಕಿಂತ ಜಟಿಲ. ಮೇಲೆ ಹೇಳಿದ ಹರ್ಮನ್ ಮತ್ತು ರೀಸ್‌ರ ಫಲಿತಾಂಶಗಳೆಲ್ಲ ಸೆರೆಯ ಪ್ರಾಣಿಗಳಿಂದಲೇ ಬಂದವು. ಅದೇ ಕನ್ನಡಿ ಪ್ರಯೋಗದಲ್ಲಿ ಪಾಲ್ಗೊಂಡ ಮರೀನೊ ಆಮೇಲೆ ಡಾಲ್ಫಿನ್‌ಗಳನ್ನು ಸೆರೆಯಲ್ಲಿಡುವುದರ ಪ್ರಬಲ ವಿರೋಧಿಯಾದರು. ಇಂಥ ಕಡೆ ಸೇರುವವರು ಪ್ರಾಣಿಗಳು ಎಲ್ಲಿಂದ ಬಂದವು, ಪ್ರದರ್ಶನಗಳಲ್ಲಿ ಕುಣಿಯುತ್ತವೆಯೇ, ಪ್ರಯೋಗದ ನಡುವೆ ಬಿಟ್ಟುಹೋಗುವ ಸ್ವಾತಂತ್ರ್ಯ ಅವಕ್ಕಿದೆಯೇ, ಹೋದರೆ ಅಂದಿನ ಆಹಾರಕ್ಕೆ ಕತ್ತರಿ ಬೀಳುತ್ತದೆಯೇ ಎಂದು ತಿಳಿದುಕೊಂಡು ತಾವೇ ನಿರ್ಧರಿಸಬೇಕು. ನನ್ನನ್ನು ಕೇಳಿದರೆ, ಹೊಸಬರಿಗೆ ಕಾಡು ಡಾಲ್ಫಿನ್‌ಗಳ ಯೋಜನೆಯೇ ಲೇಸು.

ಅರ್ಜಿಯಲ್ಲಿ ಏನಿರಬೇಕು

ಚಿಕ್ಕಂದಿನಿಂದಲೂ ಡಾಲ್ಫಿನ್‌ಗಳೆಂದರೆ ಪ್ರೀತಿ ಎಂಬ ವಾಕ್ಯ ಬಹುತೇಕ ಎಲ್ಲ ಅರ್ಜಿಗಳಲ್ಲೂ ಇರುತ್ತದೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಅದರ ಬದಲು ಆ ತಂಡದ ಒಂದು ಪ್ರಬಂಧವನ್ನು ಓದಿ, ಅದರಲ್ಲಿ ಬಳಸಿದ ವಿಧಾನದ ಬಗ್ಗೆ ನಿಮಗೆ ಎದ್ದ ಒಂದು ಪ್ರಶ್ನೆಯನ್ನು ಬರೆದರೆ ಅರ್ಜಿ ಎದ್ದು ಕಾಣುತ್ತದೆ. ಸ್ಪ್ರೆಡ್‌ಶೀಟ್‌ನಲ್ಲಿ ಅಚ್ಚುಕಟ್ಟಾಗಿ ಮಾಹಿತಿ ತುಂಬಿದ ಅನುಭವ, ಟೆಲಿಫೋಟೊ ಲೆನ್ಸ್ ಹಿಡಿದ ಅಭ್ಯಾಸ, ಸಣ್ಣ ದೋಣಿಯಲ್ಲಿ ಕೆಲಸ ಮಾಡಿದ್ದು, ಪಕ್ಷಿ ಗಣತಿಯಂಥ ಯಾವುದೇ ವೀಕ್ಷಣಾ ಕಾರ್ಯ, ಸಂಗೀತದಲ್ಲಿ ಪಳಗಿದ ಕಿವಿ, ಇವೆಲ್ಲ ಹೇಳಬೇಕಾದ ಸಂಗತಿಗಳೇ. ಅರ್ಜಿಗೆ ಮೊದಲು ಆಡಾಸಿಟಿ ಅಥವಾ ಕಾರ್ನೆಲ್ ಸಂಸ್ಥೆಯ ರೇವನ್ ಲೈಟ್ ಎಂಬ ಉಚಿತ ತಂತ್ರಾಂಶವನ್ನು ಇಳಿಸಿಕೊಂಡು, ಸಿಕ್ಕ ಒಂದು ಡಾಲ್ಫಿನ್ ಧ್ವನಿಮುದ್ರಣದಲ್ಲಿ ಸಿಳ್ಳೆಗಳನ್ನು ಗುರುತು ಹಾಕಿ ನೋಡಿ. ಕೆಲಸ ನಿಮಗೆ ಹಿಡಿಸುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಸಮುದ್ರವಾಂತಿ, ಔಷಧಿಗಳು, ಈಜು ಬಾರದಿರುವುದು, ಬಿಸಿಲು ತಡೆಯಲಾಗದಿರುವುದು ಇತ್ಯಾದಿಗಳನ್ನು ಮುಚ್ಚಿಡದೆ ಮೊದಲೇ ತಿಳಿಸಬೇಕು. ದಡದಲ್ಲಿ ಕುಳಿತು ಮಾಡುವ ಕೆಲಸಕ್ಕೂ ಜನ ಬೇಕಾಗಿರುತ್ತಾರೆ.

ದೋಣಿಯಲ್ಲಿ

ದೋಣಿ ಹೊರಟ ಮೇಲೆ ಪ್ರತಿಯೊಬ್ಬರಿಗೂ ನೀರಿನ ಒಂದು ದಿಕ್ಕನ್ನು ಹಂಚಲಾಗುತ್ತದೆ. ಆ ಭಾಗವನ್ನು ಬರಿಗಣ್ಣಿನಿಂದಲೂ ದುರ್ಬೀನಿನಿಂದಲೂ ನಿಧಾನವಾಗಿ ಹುಡುಕುತ್ತಿರಬೇಕು. ಪಕ್ಕದವರ ದಿಕ್ಕಿನಲ್ಲಿ ಡಾಲ್ಫಿನ್ ಕಂಡಿತೆಂದು ಎಲ್ಲರೂ ಅತ್ತ ತಿರುಗಿಬಿಟ್ಟರೆ ಉಳಿದ ನೀರು ಕಾವಲಿಲ್ಲದೆ ಉಳಿಯುತ್ತದೆ. ಏನೂ ಕಾಣದ ಗಂಟೆಗಳೂ ದಾಖಲೆಯೇ. ಎಷ್ಟು ಹೊತ್ತು, ಎಲ್ಲೆಲ್ಲಿ ಹುಡುಕಿದೆವು ಎಂಬುದು ಗೊತ್ತಿದ್ದರೆ ತಾನೇ ಎಷ್ಟು ಕಂಡವು ಎಂಬ ಸಂಖ್ಯೆಗೆ ಅರ್ಥ ಬರುವುದು. ಅಲೆಗಳು ಗಾಳಿಯ ಬಲವನ್ನು ಸೂಚಿಸುವ ಬೋಫರ್ಟ್ ಮಾಪನದ 3ನ್ನು ಮೀರಿ ಬಿಳಿನೊರೆ ಹೆಚ್ಚಾದರೆ ಬೆನ್ನುರೆಕ್ಕೆಗಳು ನೊರೆಯ ನಡುವೆ ತಪ್ಪಿಹೋಗುವುದರಿಂದ ಸಮೀಕ್ಷೆ ಸಾಮಾನ್ಯವಾಗಿ ನಿಲ್ಲುತ್ತದೆ.

ಗುಂಪು ಸಿಕ್ಕಾಗ ಮೊದಲ ಕೆಲಸ ಛಾಯಾಚಿತ್ರ. ಡಾಲ್ಫಿನ್‌ಗಳನ್ನು ಒಂದೊಂದಾಗಿ ಗುರುತಿಸುವುದು ಬೆನ್ನಿನ ಈಜುರೆಕ್ಕೆಯ ಹಿಂಬದಿಯ ಅಂಚಿನಲ್ಲಿರುವ ಕಚ್ಚುಗಳಿಂದ. ಬರ್ಂಡ್ ಮತ್ತು ಮೆಲನಿ ವುರ್ಸಿಗ್ ಈ ವಿಧಾನದ ಫಲವನ್ನು 1977ರಲ್ಲೇ ಪ್ರಕಟಿಸಿದ್ದರು. ಸೂರ್ಯ ಬೆನ್ನ ಹಿಂದಿರಬೇಕು, ಕ್ಯಾಮೆರಾ ರೆಕ್ಕೆಗೆ ನೇರ ಅಡ್ಡವಾಗಿರಬೇಕು, ಶಟರ್ ತೆರೆದಿರುವ ಅವಧಿ ಸೆಕೆಂಡಿನ ಸಾವಿರದ ಒಂದು ಭಾಗ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಓರೆಯಾಗಿ ತೆಗೆದ ಚಿತ್ರದಲ್ಲಿ ಕಚ್ಚುಗಳು ಒಂದರ ಹಿಂದೊಂದು ಮರೆಯಾಗುತ್ತವೆ. ಚಂದ ಕಾಣುವ, ಗುರುತು ಎದ್ದು ತೋರುವ ಪ್ರಾಣಿಗಳನ್ನೇ ಮತ್ತೆ ಮತ್ತೆ ಸೆರೆಹಿಡಿಯುವ ಚಪಲ ಎಲ್ಲರಿಗೂ ಇರುತ್ತದೆ, ಅದರಿಂದ ಗುರುತಿಲ್ಲದವುಗಳ ಸಂಖ್ಯೆ ಲೆಕ್ಕದಲ್ಲಿ ಕುಗ್ಗಿಹೋಗುತ್ತದೆ. ಆದ್ದರಿಂದ ಗುಂಪಿನ ಪ್ರತಿಯೊಂದನ್ನೂ, ಸಾಧ್ಯವಾದರೆ ಎರಡೂ ಬದಿಯಿಂದ ತೆಗೆಯಬೇಕು. ಒಂದು ಗುಂಪು ಮುಗಿದು ಇನ್ನೊಂದು ಗುಂಪಿಗೆ ಹೋಗುವ ನಡುವೆ ಆಕಾಶದ್ದೋ ಕೈಯದ್ದೋ ಒಂದು ಚಿತ್ರ ತೆಗೆದಿಟ್ಟರೆ ಎರಡು ಗುಂಪುಗಳ ಚಿತ್ರಗಳು ಕಲಸಿಹೋಗುವುದಿಲ್ಲ. ಎಲ್ಲ ಜಾತಿಗೂ ಇದು ಒಗ್ಗುವ ವಿಧಾನವಲ್ಲ: ಗಂಗಾ ನದಿಯ ಡಾಲ್ಫಿನ್ ಕ್ಷಣಮಾತ್ರ ಮೇಲೆ ಬಂದು ಕಲಕುನೀರಿನಲ್ಲಿ ಮರೆಯಾಗುತ್ತದೆ, ಅದರ ಬೆನ್ನಿನ ಮೇಲೆ ಇರುವುದು ತಗ್ಗಾದ ಒಂದು ಉಬ್ಬು ಮಾತ್ರ.

ಎರಡನೆಯ ಕೆಲಸ ವರ್ತನೆಯ ದಾಖಲೆ, ಮತ್ತು ಒಳ್ಳೆಯ ಸ್ವಯಂಸೇವಕರನ್ನು ಉಳಿದವರಿಂದ ಬೇರೆ ಮಾಡುವುದು ಇದೇ. ಜೀನ್ ಆಲ್ಟ್‌ಮನ್ 1974ರಲ್ಲಿ ಪ್ರಾಣಿವರ್ತನೆಯ ವೀಕ್ಷಣೆಗೆ ಹಾಕಿಕೊಟ್ಟ ಕ್ರಮಗಳನ್ನೇ ಇಂದಿಗೂ ಅನುಸರಿಸಲಾಗುತ್ತದೆ: ಒಂದೇ ಪ್ರಾಣಿಯನ್ನು ನಿಗದಿತ ಹೊತ್ತು ಬಿಡದೆ ಗಮನಿಸುವುದು, ಇಲ್ಲವೇ ನಿಗದಿತ ನಿಮಿಷಗಳಿಗೊಮ್ಮೆ ಇಡೀ ಗುಂಪನ್ನು ನೋಡಿ ಆ ಕ್ಷಣದಲ್ಲಿ ಕಂಡದ್ದನ್ನು ಬರೆಯುವುದು. ಕಣ್ಣಿಗೆ ರೋಚಕವಾದದ್ದನ್ನು ಮಾತ್ರ ಬರೆದರೆ ಡಾಲ್ಫಿನ್‌ಗಳು ದಿನವಿಡೀ ನೆಗೆಯುತ್ತಲೇ ಇರುತ್ತವೆ ಎಂಬ ಚಿತ್ರ ಮೂಡುತ್ತದೆ. ಅದಕ್ಕಿಂತಲೂ ಸೂಕ್ಷ್ಮವಾದ ತಪ್ಪು ಅರ್ಥವನ್ನೇ ದಾಖಲೆಯಾಗಿ ಬರೆದುಬಿಡುವುದು. ‘ಎರಡು ಗೆಳೆಯ ಡಾಲ್ಫಿನ್‌ಗಳು ಆಟವಾಡುತ್ತಿವೆ’ ಎಂದು ಬರೆದ ಸಾಲಿನಿಂದ ಮುಂದೆ ಯಾರಿಗೂ ಉಪಯೋಗವಿಲ್ಲ. ‘9:42. ಎರಡು ವಯಸ್ಕ ಪ್ರಾಣಿಗಳು ಏಕಕಾಲಕ್ಕೆ ಮೇಲೆ ಬಂದವು. ನಡುವಿನ ಅಂತರ ಒಂದು ಮೈಯುದ್ದಕ್ಕಿಂತ ಕಡಿಮೆ. ಎಡಗಡೆಯದರ ಎದೆರೆಕ್ಕೆ ಬಲಗಡೆಯದರ ಪಕ್ಕೆಗೆ ತಾಗಿತು. ಮೂರನೆಯದು ಎರಡು ಮೈಯುದ್ದ ಮುಂದೆ’ ಎಂದು ಬರೆದರೆ ಉಪಯೋಗವಿದೆ. ಏಕೆಂದರೆ ಶಾರ್ಕ್ ಕೊಲ್ಲಿಯಲ್ಲಿ ಹೀಗೆ ಜೊತೆಜೊತೆಗೆ ಏಳುವುದೂ ರೆಕ್ಕೆಯಿಂದ ಸವರುವುದೂ ಗಂಡುಗಳ ಮೈತ್ರಿಯ ಲಕ್ಷಣಗಳು, ಮತ್ತು ಮುಂದೆ ಹೋಗುತ್ತಿರುವ ಮೂರನೆಯದು ಅವೆರಡೂ ಸೇರಿ ಬಲವಂತವಾಗಿ ಒಯ್ಯುತ್ತಿರುವ ಹೆಣ್ಣಾಗಿರಬಹುದು. ದಡದ ಕಣ್ಣಿಗೆ ಅದು ಆಟವೇ. ಡಾಲ್ಫಿನ್‌ನ ಮುಖದಲ್ಲಿರುವ ನಗು ಕೂಡ ದವಡೆಯ ಆಕಾರವಷ್ಟೇ; ಸತ್ತ ಡಾಲ್ಫಿನ್‌ಗೂ ಅದು ಇರುತ್ತದೆ.

ಮೂರನೆಯದು ಧ್ವನಿಮುದ್ರಣ. ಹೈಡ್ರೋಫೋನ್, ಅಂದರೆ ನೀರಿನಡಿಯ ಧ್ವನಿಗ್ರಾಹಕವನ್ನು, ಇಳಿಸುವ ಮೊದಲು ಎಂಜಿನ್ ನಿಲ್ಲಿಸಬೇಕು. ಆಳ ಅಳೆಯುವ ಎಕೋ ಸೌಂಡರ್ ಯಂತ್ರವನ್ನೂ ಆರಿಸಬೇಕು, ಮರೆತರೆ ಅದರ ಟಿಕ್‌ಟಿಕ್ ದತ್ತಾಂಶದ ತುಂಬ ತುಂಬಿಕೊಳ್ಳುತ್ತದೆ. ಕೇಬಲ್ಲು ದೋಣಿಯ ಅಂಚಿಗೆ ಉಜ್ಜದಂತೆ ನೋಡಿಕೊಳ್ಳಬೇಕು. ಮುದ್ರಣದ ಆರಂಭದಲ್ಲಿ ದಿನಾಂಕ, ಸಮಯ, ಸ್ಥಳ, ಕಾಣುತ್ತಿರುವ ಪ್ರಾಣಿಗಳ ಸಂಖ್ಯೆ ಇಷ್ಟನ್ನು ಬಾಯಲ್ಲಿ ಹೇಳಿ ದಾಖಲಿಸುವುದು ರೂಢಿ. ನಡುವೆ ಧ್ವನಿಮಟ್ಟವನ್ನು ಏರಿಸಿ ಇಳಿಸಿ ಮಾಡಬಾರದು, ಕಡತವನ್ನು ಎಂಪಿ3ಯಾಗಿ ಕುಗ್ಗಿಸಲೂಬಾರದು. ವೇವ್ ರೂಪದಲ್ಲೇ ಇರಬೇಕು. ಮನುಷ್ಯನ ಕಿವಿಗೆ ಹೆಚ್ಚೆಂದರೆ 20 ಕಿಲೋಹರ್ಟ್ಜ್‌ವರೆಗೆ ಕೇಳಿಸಿದರೆ ಬಾಟಲ್‌ನೋಸ್ ಡಾಲ್ಫಿನ್‌ಗೆ ಸುಮಾರು 150 ಕಿಲೋಹರ್ಟ್ಜ್‌ವರೆಗೆ ಕೇಳಿಸುತ್ತದೆ. ಸೆಕೆಂಡಿಗೆ 96,000 ಮಾದರಿಗಳನ್ನು ಹಿಡಿಯುವ ಯಂತ್ರ 48 ಕಿಲೋಹರ್ಟ್ಜ್‌ವರೆಗಿನದನ್ನು ಮಾತ್ರ ದಾಖಲಿಸಬಲ್ಲದು. ಸಿಳ್ಳೆಗಳಿಗೆ ಅಷ್ಟು ಸಾಕು, ಆದರೆ ಬೇಟೆಯನ್ನು ಪತ್ತೆಹಚ್ಚಲು ಹೊರಡಿಸುವ ಕ್ಲಿಕ್‌ಗಳ ಮುಖ್ಯ ಶಕ್ತಿ ಅದರ ಮೇಲೆಯೇ ಇರುತ್ತದೆ.

ಇಲ್ಲೇ ಈ ಕ್ಷೇತ್ರದ ದೊಡ್ಡ ತೊಡಕೂ ಇದೆ. ಡಾಲ್ಫಿನ್ ಬಾಯಿ ತೆರೆಯದೆಯೇ ಧ್ವನಿ ಹೊರಡಿಸುತ್ತದೆ. ನೀರಿನಲ್ಲಿ ಶಬ್ದವು ಸೆಕೆಂಡಿಗೆ ಸುಮಾರು 1,500 ಮೀಟರ್ ವೇಗದಲ್ಲಿ, ಅಂದರೆ ಗಾಳಿಯಲ್ಲಿ ಸಾಗುವ ನಾಲ್ಕು ಪಟ್ಟಿಗೂ ಹೆಚ್ಚು ವೇಗದಲ್ಲಿ ಸಾಗುವುದರಿಂದ ನಮ್ಮ ಎರಡು ಕಿವಿಗಳು ಅದರ ದಿಕ್ಕನ್ನು ಹಿಡಿಯಲಾರವು. ಆರು ಡಾಲ್ಫಿನ್‌ಗಳ ನಡುವೆ ಸಿಳ್ಳೆಯೊಂದು ಕೇಳಿದರೆ ಯಾರದೆಂದು ಹೇಳುವುದು ಹೇಗೆ? ಅಂತರವಿಟ್ಟು ಜೋಡಿಸಿದ ಹಲವು ಹೈಡ್ರೋಫೋನ್‌ಗಳಿಂದ ದಿಕ್ಕನ್ನು ಲೆಕ್ಕ ಹಾಕುವುದು, ಪ್ರಾಣಿಯ ಮೈಗೇ ಹೀರುಬಟ್ಟಲಿನಿಂದ ಧ್ವನಿಗ್ರಾಹಕ ಅಂಟಿಸುವುದು ಮುಂತಾದ ಉಪಾಯಗಳಿವೆ. ಆದರೆ ಸಾಮಾನ್ಯ ದೋಣಿಯ ಮೇಲೆ ಸ್ವಯಂಸೇವಕರು ಮಾಡಬಹುದಾದ ಪ್ರಾಮಾಣಿಕ ಕೆಲಸವೆಂದರೆ ‘ಧ್ವನಿ ಯಾರದೆಂದು ತಿಳಿಯದು’ ಎಂದು ಬರೆಯುವುದು.

ಮೇಜಿನ ಮುಂದೆ

ರೆಕ್ಕೆಯ ಚಿತ್ರಗಳನ್ನು ಹಳೆಯ ಸಂಗ್ರಹದೊಂದಿಗೆ ಹೋಲಿಸುವ ಕೆಲಸ ಮೊದಮೊದಲು ಅಸಾಧ್ಯವೆನಿಸುತ್ತದೆ. ಎಲ್ಲ ರೆಕ್ಕೆಗಳೂ ಒಂದೇ ಎನ್ನಿಸುವುದು ಸಹಜ. ಮೇಲ್ತುದಿಯಿಂದ ಆರಂಭಿಸಿ ಹಿಂಬದಿಯ ಅಂಚಿನ ಮೇಲೆ ಕೆಳಗಿಳಿಯುತ್ತ, ದೊಡ್ಡ ಕಚ್ಚು ಎಲ್ಲಿದೆ, ಅದರಿಂದ ಮುಂದಿನ ಕಚ್ಚಿಗೆ ಎಷ್ಟು ದೂರ, ಅದರ ಬಾಯಿ ಚೂಪೋ ಅಗಲವೋ ಎಂದು ಕ್ರಮವಾಗಿ ನೋಡಿದರೆ ವ್ಯತ್ಯಾಸಗಳು ತೆರೆದುಕೊಳ್ಳುತ್ತವೆ. ಬಲಬದಿಯ ಚಿತ್ರದಲ್ಲೂ ಎಡಬದಿಯ ಚಿತ್ರದಲ್ಲೂ ಅಂಚಿನ ಕಚ್ಚುಗಳು ಕನ್ನಡಿಯ ಪ್ರತಿಬಿಂಬದಂತೆ ಒಂದೇ. ಮೈಮೇಲಿನ ಗೀರುಗಳು ಹಾಗಲ್ಲ. ಇತರ ಡಾಲ್ಫಿನ್‌ಗಳ ಹಲ್ಲಿನಿಂದಾದ ಗೀರುಗಳು ಕಾಲಕ್ರಮೇಣ ಮಾಸುವುದರಿಂದ ಅವನ್ನು ಪೂರಕ ಸಾಕ್ಷ್ಯವಾಗಿ ಮಾತ್ರ ಬಳಸಬೇಕು. ಮರಿಗಳ ರೆಕ್ಕೆ ಸಾಮಾನ್ಯವಾಗಿ ನುಣುಪಾಗಿರುತ್ತದೆ. ಪಕ್ಕದಲ್ಲಿದ್ದ ದೊಡ್ಡದು ತಾಯಿಯೇ ಎಂದು ಒಂದೇ ಭೇಟಿಯಿಂದ ತೀರ್ಮಾನಿಸಬಾರದು. ಫಿನ್‌ಫೈಂಡರ್‌ನಂಥ ತಂತ್ರಾಂಶಗಳು ಸಂಭವನೀಯ ಹೊಂದಿಕೆಗಳನ್ನು ಸಾಲಾಗಿ ತೋರಿಸುತ್ತವೆ, ಆದರೆ ಕೊನೆಯ ಮಾತು ಮನುಷ್ಯರದು, ಅದೂ ಇಬ್ಬರದು. ಇರುವ ಪ್ರಾಣಿಯನ್ನು ಹೊಸದೆಂದು ಸೇರಿಸಿದರೆ ಒಂದರ ಜೀವನ ಎರಡಾಗಿ ಒಡೆಯುತ್ತದೆ. ಎರಡು ಪ್ರಾಣಿಗಳನ್ನು ಒಂದೆಂದು ಬಗೆದರೆ ಇನ್ನೂ ಕೆಡುಕು, ಏಕೆಂದರೆ ಅವುಗಳ ಗೆಳೆತನ, ಸಿಳ್ಳೆ, ಸಂತಾನ ಎಲ್ಲವೂ ಕಲಸಿಹೋಗುತ್ತವೆ.

ಧ್ವನಿಯ ಕೆಲಸ ನಡೆಯುವುದು ಸ್ಪೆಕ್ಟ್ರೋಗ್ರಾಂ ಎಂಬ ಚಿತ್ರದ ಮೇಲೆ. ಅಡ್ಡಕ್ಕೆ ಕಾಲ, ಉದ್ದಕ್ಕೆ ಆವರ್ತನ, ಬಣ್ಣದ ಗಾಢತೆಯಲ್ಲಿ ಧ್ವನಿಯ ಬಲ. ಸಿಳ್ಳೆಯು ಬಳುಕುವ ಗೆರೆಯಾಗಿ ಕಾಣುತ್ತದೆ. ಕ್ಲಿಕ್‌ಗಳು ನೆಟ್ಟಗೆ ನಿಂತ ತೆಳುಗೆರೆಗಳು. ಜಗಳ, ಕೆಣಕಾಟಗಳ ವೇಳೆ ಹೆಚ್ಚಾಗಿ ಕೇಳಿಬರುವ ಕೀರಲು ಧ್ವನಿಗಳಲ್ಲಿ ಆ ಗೆರೆಗಳೇ ಎಷ್ಟು ಒತ್ತಾಗುತ್ತವೆಂದರೆ ಕಿವಿಗೆ ಒಂದೇ ದನಿಯಂತೆ ಕೇಳಿಸುತ್ತದೆ. ಗುರುತಿನ ಸಿಳ್ಳೆಯನ್ನು ಕಾಡು ಡಾಲ್ಫಿನ್‌ಗಳ ಮುದ್ರಣದಿಂದ ಹೆಕ್ಕಲು ಜಾನಿಕ್, ಕಿಂಗ್, ಸಾಯಿಗ್ ಮತ್ತು ವೆಲ್ಸ್ 2013ರಲ್ಲಿ ಒಂದು ಮಾನದಂಡ ಕೊಟ್ಟಿದ್ದಾರೆ: ಒಂದೇ ಆಕಾರದ ಸಿಳ್ಳೆ ಕನಿಷ್ಠ ನಾಲ್ಕು ಸಲ ಬಂದಿರಬೇಕು, ಮತ್ತು ಅವುಗಳ ಪೈಕಿ ಶೇಕಡ 75ರಷ್ಟಾದರೂ ಹಿಂದಿನ ಅಥವಾ ಮುಂದಿನ ಸಿಳ್ಳೆಯಿಂದ 1ರಿಂದ 10 ಸೆಕೆಂಡುಗಳ ಒಳಗೆ ಬಂದಿರಬೇಕು. ಈ ಕಟ್ಟುನಿಟ್ಟಿನಿಂದ ನಿಜವಾದ ಹಲವು ಗುರುತಿನ ಸಿಳ್ಳೆಗಳು ಕೈತಪ್ಪುತ್ತವೆ. ಸಿಕ್ಕವುಗಳು ಮಾತ್ರ ನಂಬಲರ್ಹವಾಗಿರುತ್ತವೆ. ಅಳತೆಗೆ ಸಿಗದ ಸಿಳ್ಳೆಯನ್ನು ಇದೂ ಅದೇ ಇರಬೇಕು ಎಂದು ತಳ್ಳಿ ಸೇರಿಸುವ ಆಸೆಯನ್ನು ಹತ್ತಿಕ್ಕುವುದೇ ಇಲ್ಲಿನ ಶಿಸ್ತು.

ತರಬೇತಿಯ ಭಾಗವಾಗಿ ನಿಮ್ಮ ಗುರುತುಗಳನ್ನು ಅನುಭವಿಯೊಬ್ಬರ ಗುರುತುಗಳೊಂದಿಗೆ ಹೋಲಿಸಿ, ಇಬ್ಬರ ನಡುವಿನ ಹೊಂದಿಕೆಯನ್ನು ಅಂಕಿಗಳಲ್ಲಿ ಲೆಕ್ಕ ಹಾಕುತ್ತಾರೆ. ಅದು ಕಡಿಮೆ ಬಂದರೆ ಬೇಸರಪಡಬೇಕಿಲ್ಲ. ಎಷ್ಟೋ ಸಲ ತಪ್ಪಿರುವುದು ನಿಯಮದ ವಿವರಣೆಯಲ್ಲೇ, ಹೊಸಬರ ಗೊಂದಲದಿಂದಲೇ ಅದು ಬೆಳಕಿಗೆ ಬರುತ್ತದೆ. ಯಾವ ಮುದ್ರಣ ಯಾವ ಸನ್ನಿವೇಶದ್ದೆಂದು ತಿಳಿಸದೆಯೇ ಕೇಳಿಸಿ ಗುರುತು ಹಾಕಿಸುವುದೂ ಉಂಟು. ಸಿಳ್ಳೆ ತಾಯಿ ಮರಿ ಅಗಲಿದಾಗಿನದೆಂದು ಮೊದಲೇ ತಿಳಿದರೆ ಕಿವಿ ಅದರಲ್ಲಿ ಅಳಲನ್ನು ಹುಡುಕತೊಡಗುತ್ತದೆ.

ಬುದ್ಧಿಯ ಪ್ರಯೋಗಗಳಲ್ಲಿ ಇದೇ ಎಚ್ಚರ ಇನ್ನಷ್ಟು ಬೇಕು. ಲೆಕ್ಕ ಮಾಡುತ್ತದೆಂದು ಜರ್ಮನಿಯಲ್ಲಿ ಹೆಸರಾಗಿದ್ದ ಹ್ಯಾನ್ಸ್ ಎಂಬ ಕುದುರೆ ಪ್ರಶ್ನೆ ಕೇಳುವವರ ತಲೆಯ ಸಣ್ಣ ಚಲನೆಯನ್ನು ಗಮನಿಸಿ ಗೊರಸು ಬಡಿಯುವುದನ್ನು ನಿಲ್ಲಿಸುತ್ತಿತ್ತೆಂದು ಆಸ್ಕರ್ ಪ್ಫುಂಗ್‌ಸ್ಟ್ 1907ರಲ್ಲಿ ಪತ್ತೆಹಚ್ಚಿದರು. ಹರ್ಮನ್‌ರ ಪ್ರಯೋಗಾಲಯದಲ್ಲಿ ಸನ್ನೆ ಮಾಡುವವರು ಅಪಾರದರ್ಶಕ ಕನ್ನಡಕ ಧರಿಸುತ್ತಿದ್ದುದು ಈ ಕಾರಣಕ್ಕೇ: ಎದುರಿನ ವಸ್ತು ಅವರಿಗೆ ಕಾಣದು, ಅವರ ಕಣ್ಣು ಡಾಲ್ಫಿನ್‌ಗೆ ಕಾಣದು. ಕೊಳದ ಬದಿಯಲ್ಲಿ ನಿಂತ ಸ್ವಯಂಸೇವಕರು ಸರಿ ಉತ್ತರ ಬಂದಾಗ ಉಸಿರು ಬಿಗಿಹಿಡಿದರೂ ಸಾಕು, ಪ್ರಾಣಿ ಅದನ್ನು ಕಲಿತುಬಿಡಬಹುದು. ನಿಮ್ಮನ್ನು ಕಣ್ಮರೆಯಾದ ಜಾಗದಲ್ಲಿ ನಿಲ್ಲಿಸಿದರೆ ಅದನ್ನು ಕಡೆಗಣಿಸಿದ್ದೆಂದು ಭಾವಿಸಬೇಡಿ.

ಮನೆಯಿಂದಲೇ

ಪ್ರಯಾಣ ಮಾಡಲಾಗದವರಿಗೂ ಕೆಲಸವಿದೆ. ಜೂನಿವರ್ಸ್ ಎಂಬ ಜಾಲತಾಣದಲ್ಲಿ ಪ್ರಾಣಿಗಳ ಚಿತ್ರ ಮತ್ತು ಧ್ವನಿಗಳನ್ನು ವಿಂಗಡಿಸುವ ಯೋಜನೆಗಳು ಆಗಾಗ ತೆರೆದುಕೊಳ್ಳುತ್ತವೆ. 2011ರಲ್ಲಿ ಅಲ್ಲಿ ಆರಂಭವಾದ ‘ವೇಲ್ ಎಫ್‌ಎಂ’ನಲ್ಲಿ ಸಾರ್ವಜನಿಕರು ಓರ್ಕಾ (ಕೊಲೆಗಾರ ತಿಮಿಂಗಿಲ) ಮತ್ತು ಪೈಲಟ್ ತಿಮಿಂಗಿಲಗಳ ಕರೆಗಳನ್ನು ಜೋಡಿ ಮಾಡಿದ್ದರು. ಹೆಸರಿನಲ್ಲಿ ತಿಮಿಂಗಿಲವೆಂದಿದ್ದರೂ ಇವೆರಡೂ ಡಾಲ್ಫಿನ್ ಕುಟುಂಬಕ್ಕೇ ಸೇರಿದವು. ಹ್ಯಾಪಿವೇಲ್ ಎಂಬ ತಾಣವು ಸಾರ್ವಜನಿಕರು ತೆಗೆದ ಸಮುದ್ರ ಸಸ್ತನಿಗಳ ಚಿತ್ರಗಳನ್ನು ದಿನಾಂಕ, ಸ್ಥಳಗಳೊಂದಿಗೆ ಸ್ವೀಕರಿಸುತ್ತದೆ. ಕೆಲವು ತಂಡಗಳು ದೂರದಲ್ಲಿರುವವರಿಗೂ ವೀಡಿಯೊ ನೋಡಿ ವರ್ತನೆ ಗುರುತಿಸುವ ಕೆಲಸ ಕೊಡುತ್ತವೆ. ಪ್ರಕಟಣೆ ಇಲ್ಲದಿದ್ದರೂ ಕೇಳಿ ನೋಡುವುದರಲ್ಲಿ ತಪ್ಪಿಲ್ಲ. ವಾರಕ್ಕೆ ಎರಡೇ ಗಂಟೆ ಕೊಡಬಲ್ಲಿರಾದರೆ ಎರಡೇ ಎಂದು ಹೇಳಿ, ಅದನ್ನು ತಪ್ಪದೆ ಕೊಡಿ.

ಬಿಟ್ಟುಬರುವಾಗ

ಸಂಗ್ರಹಿಸಿದ ಚಿತ್ರ, ಧ್ವನಿ, ಟಿಪ್ಪಣಿಗಳು ಯೋಜನೆಯ ಸ್ವತ್ತು. ಅವನ್ನು ಜಾಲತಾಣಗಳಲ್ಲಿ ಹಂಚುವ ಮುನ್ನ ಅನುಮತಿ ಕೇಳಬೇಕು. ಅನುಮತಿ ಸಿಕ್ಕರೂ ಗುಂಪು ಕಂಡ ನಿಖರ ಸ್ಥಳವನ್ನು ತೆಗೆದುಹಾಕಬೇಕು, ಇಲ್ಲದಿದ್ದರೆ ಮರುದಿನವೇ ಅಲ್ಲಿಗೆ ಪ್ರವಾಸಿ ದೋಣಿಗಳು ಮುತ್ತಿಕೊಂಡಾವು. ಪ್ರಬಂಧದಲ್ಲಿ ನಿಮ್ಮ ಹೆಸರು ಕೃತಜ್ಞತೆಯ ಸಾಲಿನಲ್ಲಿ ಬರುವುದೇ, ಲೇಖಕರ ಪಟ್ಟಿಯಲ್ಲಿ ಬರುವುದೇ ಎಂಬ ಮಾತನ್ನು ಕೆಲಸದ ಆರಂಭದಲ್ಲೇ ಆಡಿಕೊಂಡರೆ ಕೊನೆಯಲ್ಲಿ ಮುಜುಗರವಿರುವುದಿಲ್ಲ. ಹೊರಡುವ ಮೊದಲು ಅರ್ಧಕ್ಕೆ ನಿಂತ ಕಡತಗಳ ಪಟ್ಟಿ, ಅನುಮಾನ ಉಳಿದ ಹೊಂದಿಕೆಗಳು, ನೀವೇ ಹುಟ್ಟುಹಾಕಿದ ಸಂಕ್ಷೇಪಾಕ್ಷರಗಳ ವಿವರಣೆ ಇವನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಡಿ. ಮೂಲ ಟಿಪ್ಪಣಿ ಪುಸ್ತಕವನ್ನು ಮನೆಗೆ ತರದೆ ಅಲ್ಲೇ ಒಪ್ಪಿಸಿ. ಅದರಲ್ಲಿ ಹೊಡೆದುಹಾಕಿದ ಸಾಲುಗಳಿದ್ದರೆ ಅವು ಓದುವಂತೆಯೇ ಇರಲಿ.